ಮನೆಯ ಗಣಕದಲ್ಲಿ ಹಾರುವ ವಿಮಾನ ಎಷ್ಟು ನಿಜ?

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ಹತ್ತು ಕಿಲೋಮೀಟರು ಸಾಗಿದರೆ ಮಂಡಕಳ್ಳಿಯ ವಿಮಾನ ನಿಲ್ದಾಣ ಸಿಕ್ಕುವುದು. ಮೈಸೂರಿನ ಕಾಲೇಜು ವಿದ್ಯಾರ್ಥಿಯೊಬ್ಬನು ತನ್ನ ಮನೆಯ ಮೇಜಿನ ಮೇಲೆ ಗಣಕಯಂತ್ರವನ್ನೂ ಜಾಯ್‌ಸ್ಟಿಕ್ಕನ್ನೂ ಇಟ್ಟುಕೊಂಡು, ಐವತ್ತು ಆಸನಗಳ ಸಣ್ಣ ಜೆಟ್ ವಿಮಾನವೊಂದನ್ನು ಇದೇ ಮಂಡಕಳ್ಳಿಯಿಂದ ಹಾರಿಸುತ್ತಿದ್ದಾನೆಂದು ಭಾವಿಸೋಣ. ತೆರೆಯ ಮೇಲೆ ಚಾಮುಂಡಿ ಬೆಟ್ಟ ಕಾಣುತ್ತಿದೆ. ಚಾಲಕನ ಮುಂದಿನ ಫಲಕದಲ್ಲಿ ನೂರಾರು ಗುಂಡಿಗಳೂ ದೀಪಗಳೂ ನಿಜವಾದ ವಿಮಾನದಲ್ಲಿರುವಂತೆಯೇ ಇವೆ. ಏಪ್ರಿಲ್ ತಿಂಗಳ ಮಧ್ಯಾಹ್ನ. ಎಲ್ಲ ಆಸನಗಳೂ ಭರ್ತಿ. ಇಂಧನವನ್ನೂ ತೂಕದ ಮಿತಿ ಮುಟ್ಟುವಷ್ಟು ತುಂಬಿದೆ. ಹೀಗಿದ್ದರೂ ಆ ವಿಮಾನವು ರನ್‌ವೇಯ ಅರ್ಧ ಮುಗಿಯುವುದರೊಳಗೆ ಲಘುವಾಗಿ ಮೇಲೆದ್ದು, ಕೆಲವೇ ನಿಮಿಷಗಳಲ್ಲಿ ಕಾವೇರಿಯನ್ನು ದಾಟಿ ಬೆಂಗಳೂರಿನತ್ತ ತಿರುಗುತ್ತದೆ.

ನೋಡುವವರಿಗೆ ಇದು ನಿಜವಾದ ಹಾರಾಟದಂತೆಯೇ ತೋರುವುದು. ಆದರೆ ನಿಜವಾದ ವಿಮಾನವೂ ಹಾಗೆ ಏಳಬಲ್ಲುದೆ? ತೆರೆಯ ಮೇಲಿನ ಅನುಕರಣೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ಇದನ್ನು ತಿಳಿಯಲು ವಿಮಾನ ಚಾಲಕರಾಗಿರಬೇಕಾದುದಿಲ್ಲ. ಪ್ರೌಢಶಾಲೆಯಲ್ಲಿಯೂ ಪದವಿಪೂರ್ವ ತರಗತಿಯಲ್ಲಿಯೂ ಕಲಿತ ಭೌತಶಾಸ್ತ್ರ, ಒಂದು ನೋಟ್‌ಪುಸ್ತಕ, ಸ್ವಲ್ಪ ತಾಳ್ಮೆ ಇವಿಷ್ಟು ಸಾಕು. ಆ ಪರೀಕ್ಷೆಯ ಕ್ರಮವನ್ನು ಈ ಲೇಖನದಲ್ಲಿ ವಿವರಿಸುತ್ತೇವೆ.

ತಿದಿಯಿಂದ ಗಣಕದವರೆಗೆ

ನೆಲದ ಮೇಲೆ ಕುಳಿತು ಹಾರಾಟವನ್ನು ಕಲಿಯಬಹುದೆಂಬ ವಿಚಾರವು ಗಣಕಯಂತ್ರಕ್ಕಿಂತ ಹಳೆಯದು. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನ ತಂದೆ ಆರ್ಗನ್ ವಾದ್ಯಗಳನ್ನು ತಯಾರಿಸುತ್ತಿದ್ದರು. ನಮ್ಮ ಹಾರ್ಮೋನಿಯಂ ಪೆಟ್ಟಿಗೆಯಂತೆ ಆ ವಾದ್ಯಕ್ಕೂ ಗಾಳಿಯೂದುವ ತಿದಿಗಳುಂಟು. ಲಿಂಕನು ಅಂಥ ತಿದಿಗಳ ಮೇಲೆ ಒಂದು ಸಣ್ಣ ವಿಮಾನದ ಗೂಡನ್ನು ನಿಲ್ಲಿಸಿ, ಒಳಗಿದ್ದವನು ಹಿಡಿಯನ್ನು ಎಳೆದಾಗ ಗೂಡು ಆಯಾ ಕಡೆಗೆ ಬಾಗುವಂತೆ ಮಾಡಿದನು. ಈ ಯಂತ್ರವು ೧೯೨೯ರಲ್ಲಿ ಸಿದ್ಧವಾಯಿತು. ಮೊದಮೊದಲು ಜನ ಅದನ್ನು ಜಾತ್ರೆಯ ಆಟಿಕೆಯೆಂದೇ ಎಣಿಸಿದ್ದರು. ೧೯೩೪ರಲ್ಲಿ ಅಮೆರಿಕದ ಸೇನೆಯು ಅಂಚೆಯನ್ನು ಸಾಗಿಸುವ ಕೆಲಸವನ್ನು ವಹಿಸಿಕೊಂಡು, ಮೋಡ ಮಂಜುಗಳಲ್ಲಿ ಹಾರಲು ಅಭ್ಯಾಸವಿಲ್ಲದ ಹಲವು ಚಾಲಕರನ್ನು ಕಳೆದುಕೊಂಡ ಮೇಲೆ ಈ ಯಂತ್ರದ ಬೆಲೆ ತಿಳಿಯಿತು. ಸೇನೆಯು ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಮಂದಿ ಇದರಲ್ಲಿಯೇ ಕಲಿತರು.

ಮನೆಯ ಗಣಕಕ್ಕೆ ಈ ವಿದ್ಯೆಯನ್ನು ತಂದವನು ಬ್ರೂಸ್ ಆರ್ಟ್‌ವಿಕ್. ೧೯೭೯ರ ಸುಮಾರಿಗೆ ಆತನು ಆಪಲ್ ಗಣಕಕ್ಕಾಗಿ ಬರೆದ ಹಾರಾಟದ ಆಟದಲ್ಲಿ ಕೆಲವು ಗೆರೆಗಳೇ ಬೆಟ್ಟ, ಕೆಲವು ಗೆರೆಗಳೇ ನೆಲ. ೧೯೮೨ರಲ್ಲಿ ಅದರ ಮುಂದಿನ ರೂಪವು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಂಬ ಹೆಸರಿನಿಂದ ಹೊರಬಂದಿತು. ೧೯೯೦ರ ದಶಕದಲ್ಲಿ ಆಸ್ಟಿನ್ ಮೇಯರ್ ರಚಿಸಿದ ಎಕ್ಸ್-ಪ್ಲೇನ್ ಬೇರೊಂದು ದಾರಿಯನ್ನು ಹಿಡಿಯಿತು. ಇಂಥ ಮೂಲ ಸಿಮ್ಯುಲೇಟರಿಗೆ ಬೇರೆಯವರು ತಯಾರಿಸಿದ ವಿಮಾನಗಳನ್ನು ಕೊಂಡು ಜೋಡಿಸಿಕೊಳ್ಳುವುದು ಈಗ ವಾಡಿಕೆಯಾಗಿದೆ. ಇವುಗಳನ್ನು ಆಡ್-ಆನ್ ವಿಮಾನಗಳೆನ್ನುತ್ತಾರೆ. ಉದಾಹರಣೆಗೆ, ೨೦೨೧ರಲ್ಲಿ ಜರ್ಮನಿಯ ಏರೋಸಾಫ್ಟ್ ಸಂಸ್ಥೆಯು ಸಿಆರ್‌ಜೆ ಎಂಬ ಪ್ರಾದೇಶಿಕ ಜೆಟ್ಟನ್ನು ಹೀಗೆ ಹೊರತಂದಿತು. ೨೦೨೩ರಲ್ಲಿ ಎಟಿಆರ್ ವಿಮಾನವೂ ಬಂದಿತು.

ಪ್ರಾದೇಶಿಕ ಜೆಟ್ ಎಂದರೇನು?

ದೊಡ್ಡ ನಗರಗಳಿಗೆ ಸಣ್ಣ ಊರುಗಳನ್ನು ಜೋಡಿಸುವ, ಐವತ್ತರಿಂದ ಸುಮಾರು ನೂರು ಆಸನಗಳ ಜೆಟ್ ವಿಮಾನಗಳಿಗೆ ಈ ಹೆಸರು. ಕೆನಡಾದ ಸಿಆರ್‌ಜೆ ೧೯೯೧ರ ಮೇ ತಿಂಗಳಲ್ಲಿಯೂ, ಬ್ರೆಜಿಲಿನ ಎಂಬ್ರೇಯರ್-೧೪೫ ೧೯೯೫ರ ಆಗಸ್ಟ್ ತಿಂಗಳಲ್ಲಿಯೂ ಮೊದಲ ಬಾರಿಗೆ ಹಾರಿದುವು. ಕರ್ನಾಟಕದಲ್ಲಿ ೨೦೧೯ರಿಂದ ಸ್ಟಾರ್ ಏರ್ ಸಂಸ್ಥೆಯು ಎಂಬ್ರೇಯರ್-೧೪೫ ವಿಮಾನಗಳನ್ನು ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳ ನಡುವೆ ಹಾರಿಸತೊಡಗಿತು. ಅದೇ ವರ್ಷದ ನವೆಂಬರಿನಲ್ಲಿ ಕಲಬುರಗಿಯ ಹೊಸ ನಿಲ್ದಾಣದಿಂದಲೂ ಅದರ ಸಂಚಾರ ಆರಂಭವಾಯಿತು.

ಮೈಸೂರಿನ ಕಥೆ ಬೇರೆ. ೨೦೧೦ರಲ್ಲಿ ಮಂಡಕಳ್ಳಿಯ ನಿಲ್ದಾಣವು ನವೀಕರಣಗೊಂಡು ತೆರೆದಾಗ ಅದರ ರನ್‌ವೇ ೧೭೪೦ ಮೀಟರು ಉದ್ದವಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಬಂದ ಕಿಂಗ್‌ಫಿಷರ್ ಸಂಸ್ಥೆಯ ವಿಮಾನ ಎಟಿಆರ್-೭೨. ೨೦೧೩ರ ಜನವರಿಯಲ್ಲಿ ಬಂದ ಸ್ಪೈಸ್‌ಜೆಟ್ ಸಂಸ್ಥೆಯದು ಕ್ಯೂ-೪೦೦. ೨೦೧೭ರಲ್ಲಿ ಚೆನ್ನೈಗೆ ಹಾರಿದ ಟ್ರೂಜೆಟ್ ಸಂಸ್ಥೆಯದು ಮತ್ತೆ ಎಟಿಆರ್. ಇವೆಲ್ಲ ಪ್ರೊಪೆಲರ್ ಇರುವ ವಿಮಾನಗಳು. ರನ್‌ವೇಯನ್ನು ಉದ್ದಗೊಳಿಸಿದರೆ ಜೆಟ್ಟುಗಳೂ ಬರಬಹುದೆಂಬ ಬೇಡಿಕೆ ಮೈಸೂರಿಗರಿಂದ ಮತ್ತೆ ಮತ್ತೆ ಕೇಳಿಬಂದಿದೆ. ಆ ಬೇಡಿಕೆಯ ಹಿಂದಿರುವ ಲೆಕ್ಕವೂ, ನಮ್ಮ ವಿದ್ಯಾರ್ಥಿಯ ತೆರೆಯ ಮೇಲಿನ ವಿಮಾನವನ್ನು ಪರೀಕ್ಷಿಸುವ ಲೆಕ್ಕವೂ ಒಂದೇ.

ರೂಪ ಮತ್ತು ನಡತೆ

ನವರಾತ್ರಿಯಲ್ಲಿ ಮೈಸೂರಿನ ಮನೆಗಳಲ್ಲಿ ಕೂರಿಸುವ ಗೊಂಬೆಗಳನ್ನು ನೆನೆಯಿರಿ. ಅಂಬಾರಿ ಹೊತ್ತ ಆನೆಯ ಗೊಂಬೆಯಲ್ಲಿ ಸೊಂಡಿಲು, ದಂತ, ಜೂಲು ಎಲ್ಲವೂ ಇವೆ. ಆದರೆ ಅದು ಭಾರ ಹೊತ್ತು ನಡೆಯಲಾರದು. ರೂಪದ ಹೋಲಿಕೆ ಒಂದು, ನಡತೆಯ ಹೋಲಿಕೆ ಮತ್ತೊಂದು. ಆಡ್-ಆನ್ ವಿಮಾನಗಳಲ್ಲಿಯೂ ಹಾಗೆಯೇ. ಬಣ್ಣ, ಫಲಕ, ಗುಂಡಿ, ಸದ್ದು ಇವುಗಳನ್ನು ಛಾಯಾಚಿತ್ರಗಳನ್ನೂ ಧ್ವನಿಮುದ್ರಣಗಳನ್ನೂ ಅನುಸರಿಸಿ ಬಹು ಚೆನ್ನಾಗಿ ತಯಾರಿಸಬಹುದು. ಗಾಳಿಯಲ್ಲಿ ಆ ವಿಮಾನ ಹೇಗೆ ನಡೆದುಕೊಳ್ಳುವುದೆಂಬುದನ್ನು ಮಾತ್ರ ಲೆಕ್ಕದಿಂದಲೇ ಕಟ್ಟಬೇಕು.

ಆ ಲೆಕ್ಕಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಕೋಷ್ಟಕದ ದಾರಿ. ವಿಜ್ಞಾನದ ವಿದ್ಯಾರ್ಥಿಗಳಿಗೆ ಕ್ಲಾರ್ಕ್ ಟೇಬಲ್ ಪರಿಚಿತವಾದುದೇ. ಅಲ್ಲಿ ಬೇಕಾದ ಸಂಖ್ಯೆ ನೇರವಾಗಿ ಸಿಕ್ಕದಿದ್ದರೆ ಅಕ್ಕಪಕ್ಕದ ಎರಡು ಸಂಖ್ಯೆಗಳ ನಡುವೆ ಪಾಲು ಹಾಕಿ ಕಂಡುಹಿಡಿಯುತ್ತೇವಲ್ಲವೆ? ಅದೇ ರೀತಿ, ರೆಕ್ಕೆಯು ಗಾಳಿಯನ್ನು ಇಷ್ಟು ಕೋನದಲ್ಲಿ ಎದುರಿಸಿದಾಗ ಇಷ್ಟು ಎತ್ತುವ ಬಲ, ಇಷ್ಟು ಹಿಂದೆಳೆತ ಎಂಬ ಕೋಷ್ಟಕವನ್ನು ಮೊದಲೇ ಬರೆದಿಟ್ಟರೆ ಗಣಕವು ಪ್ರತಿಕ್ಷಣವೂ ಅದನ್ನು ನೋಡಿ ವಿಮಾನವನ್ನು ನಡೆಸುವುದು. ಎರಡನೆಯದು ಬಿಲ್ಲೆಗಳ ದಾರಿ. ಬಾಳೆಯ ದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚುವಂತೆ ರೆಕ್ಕೆಯನ್ನೂ ಪ್ರೊಪೆಲರಿನ ಅಲಗನ್ನೂ ಹಲವು ತುಂಡುಗಳಾಗಿ ಭಾವಿಸಿ, ಪ್ರತಿಯೊಂದು ತುಂಡಿನ ಮೇಲೂ ಬೀಳುವ ಬಲವನ್ನು ಲೆಕ್ಕಮಾಡಿ, ಎಲ್ಲವನ್ನೂ ಕೂಡಿಸುವುದು. ಎಕ್ಸ್-ಪ್ಲೇನ್ ಈ ದಾರಿಯದು.

ಎರಡರಲ್ಲಿಯೂ ಒಂದು ಕೊರತೆಯುಂಟು. ಕೋಷ್ಟಕ ಸರಿಯಾಗಿರಬೇಕಾದರೆ ನಿಜವಾದ ವಿಮಾನವನ್ನು ಹಾರಿಸಿ ಅಳೆದ ಸಂಖ್ಯೆಗಳು ಬೇಕು. ವಿಮಾನ ಕಂಪೆನಿಗಳು ಅವುಗಳನ್ನು ಸುಲಭವಾಗಿ ಹೊರಗೆ ಕೊಡುವುದಿಲ್ಲ. ಚಾಲಕರ ತರಬೇತಿಗೆಂದು ತಯಾರಾಗುವ ದೊಡ್ಡ ಸಿಮ್ಯುಲೇಟರುಗಳಿಗೆ ಆ ಮಾಹಿತಿಯನ್ನು ಹೆಚ್ಚಿನ ಬೆಲೆ ತೆತ್ತು ಕೊಳ್ಳಬೇಕಾಗುವುದು. ಮನೆಯ ಸಿಮ್ಯುಲೇಟರಿಗೆ ವಿಮಾನ ರಚಿಸುವವರು ಬಹುಮಟ್ಟಿಗೆ ಚಾಲಕರ ಕೈಪಿಡಿಗಳನ್ನೂ, ಆ ವಿಮಾನವನ್ನು ನಡೆಸಿದವರ ಅನುಭವವನ್ನೂ ಆಶ್ರಯಿಸುತ್ತಾರೆ. ಕೈಪಿಡಿಯಲ್ಲಿರುವ ಸಂಖ್ಯೆ ಬಂದರೆ ಸಾಕೆಂದು ನಿಲ್ಲಿಸಿದವರ ವಿಮಾನವು ಆ ಒಂದೆರಡು ಸಂದರ್ಭಗಳಲ್ಲಿ ಸರಿಯಾಗಿದ್ದು ಉಳಿದೆಡೆ ತಪ್ಪಬಹುದು. ಆದುದರಿಂದ ಪರೀಕ್ಷೆಯು ಅವಶ್ಯಕ.

ಮಂಡಕಳ್ಳಿಯ ಲೆಕ್ಕ

ಮೊದಲನೆಯ ಪರೀಕ್ಷೆ ಗಾಳಿಯದು. ಸಮುದ್ರಮಟ್ಟದಲ್ಲಿ, ೧೫ ಡಿಗ್ರಿ ಸೆಲ್ಷಿಯಸ್ ಶಾಖದಲ್ಲಿ, ಒಂದು ಘನಮೀಟರ್ ಗಾಳಿಯ ತೂಕ ೧.೨೨೫ ಕಿಲೋಗ್ರಾಂ. ಮಂಡಕಳ್ಳಿಯು ಸಮುದ್ರಮಟ್ಟಕ್ಕಿಂತ ಏಳುನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದ ಒತ್ತಡದಲ್ಲಿ ನೂರಕ್ಕೆ ಸುಮಾರು ೯೨ ಪಾಲು ಮಾತ್ರ. ಇನ್ನು ಬೇಸಗೆಯ ಮಧ್ಯಾಹ್ನ ೩೫ ಡಿಗ್ರಿ ಶಾಖವಿದೆಯೆನ್ನೋಣ. ಶಾಖವನ್ನು ನಿರಪೇಕ್ಷ ಮಾನದಲ್ಲಿ ಹೇಳಿದರೆ ೨೮೮ ಇದ್ದುದು ೩೦೮ ಆಯಿತು. ಒತ್ತಡ ತಗ್ಗಿದರೂ ಗಾಳಿ ತೆಳುವಾಗುವುದು, ಶಾಖ ಏರಿದರೂ ತೆಳುವಾಗುವುದು. ೦.೯೨ನ್ನು ೨೮೮ರಿಂದ ಗುಣಿಸಿ ೩೦೮ರಿಂದ ಭಾಗಿಸಿದರೆ ಸುಮಾರು ೦.೮೬ ಬರುತ್ತದೆ. ಎಂದರೆ ಗಾಳಿಯ ಸಾಂದ್ರತೆಯು ನೂರಕ್ಕೆ ಹದಿನಾಲ್ಕು ಪಾಲು ಕಡಿಮೆಯಾಯಿತು.

ರೆಕ್ಕೆಯ ಎತ್ತುವ ಬಲವು ಗಾಳಿಯ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅನುಸರಿಸುತ್ತದೆ. ವಿಮಾನದ ಭಾರ ಬದಲಾಗಿಲ್ಲ. ಆದುದರಿಂದ ಅದನ್ನು ಎತ್ತಲು ಬೇಕಾದ ಬಲವೂ ಬದಲಾಗಿಲ್ಲ. ಸಾಂದ್ರತೆ ೦.೮೬ಕ್ಕೆ ಇಳಿದರೆ ವೇಗದ ವರ್ಗವು ೧.೧೬ಕ್ಕೆ ಏರಲೇಬೇಕು, ಎಂದರೆ ವೇಗ ನೂರಕ್ಕೆ ಸುಮಾರು ಎಂಟು ಪಾಲು ಹೆಚ್ಚು.

ಇಲ್ಲಿಯೇ ಒಂದು ಸ್ವಾರಸ್ಯವಿದೆ. ಚಾಲಕನ ಮುಂದಿರುವ ವೇಗಸೂಚಕವು ಎದುರುಗಾಳಿಯ ಒತ್ತಡವನ್ನು ಅಳೆದು ವೇಗವನ್ನು ಹೇಳುವ ಉಪಕರಣ. ಗಾಳಿ ತೆಳುವಾದರೆ ಅದರ ಓದೂ ತಗ್ಗುವುದು. ಆದುದರಿಂದ ಸೂಚಕದಲ್ಲಿ ಎಂದಿನ ೧೨೦ ನಾಟ್ ಕಂಡಾಗಲೇ ವಿಮಾನವು ಏಳಲು ಸಿದ್ಧವಾಗುವುದು. ಆದರೆ ನೆಲದ ಮೇಲೆ ಅದು ಆಗ ಓಡುತ್ತಿರುವುದು ಸುಮಾರು ೧೩೦ ನಾಟ್ ವೇಗದಲ್ಲಿ. ಸಿಮ್ಯುಲೇಟರಿನಲ್ಲಿ ಗಾಳಿ ಬೀಸದಂತೆ ಮಾಡಿ, ಶಾಖವನ್ನು ೩೫ ಡಿಗ್ರಿಗೆ ಇಟ್ಟು, ಈ ಎರಡು ಅಂಕಿಗಳನ್ನೂ ಹೋಲಿಸಿ ನೋಡಿ. ವ್ಯತ್ಯಾಸ ಕಾಣದಿದ್ದರೆ ಆ ಸಿಮ್ಯುಲೇಟರಿಗೆ ಮೈಸೂರಿನ ಬೇಸಗೆ ತಿಳಿಯದೆಂದೇ ಹೇಳಬೇಕು.

ಈಗ ಓಟದ ದೂರ. ನಿಂತಲ್ಲಿಂದ ಹೊರಟ ವಸ್ತುವು ಒಂದು ವೇಗವನ್ನು ಪಡೆಯಲು ಓಡಬೇಕಾದ ದೂರವು ಆ ವೇಗದ ವರ್ಗವನ್ನು ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದಷ್ಟು. ವೇಗದ ವರ್ಗ ೧.೧೬ಕ್ಕೆ ಏರಿತೆಂದು ಕಂಡೆವು. ಎಂಜಿನ್ನೂ ಗಾಳಿಯನ್ನೇ ಕುಡಿದು ಕೆಲಸ ಮಾಡುವುದರಿಂದ ಅದರ ನೂಕುವ ಬಲವೂ ೦.೮೬ಕ್ಕೆ ಇಳಿಯಿತೆಂದುಕೊಂಡರೆ, ದೂರವು ೧.೧೬ನ್ನು ೦.೮೬ರಿಂದ ಭಾಗಿಸಿದಷ್ಟು, ಎಂದರೆ ೧.೩೫ರಷ್ಟಾಗುವುದು. ಪೂರ್ಣ ಭಾರದ ಎಟಿಆರ್-೭೨ಕ್ಕೆ ಸಮುದ್ರಮಟ್ಟದಲ್ಲಿ ಏಳಲು ಬೇಕಾದ ದೂರ ಸುಮಾರು ೧೩೦೦ ಮೀಟರ್. ಇದನ್ನು ೧.೩೫ರಿಂದ ಗುಣಿಸಿದರೆ ೧೭೫೫ ಮೀಟರು. ೧೭೪೦ ಮೀಟರಿನ ರನ್‌ವೇಗೆ ಇದು ಅಂಚಿಗೆ ಬಂದು ನಿಂತಂತಾಯಿತು!

ಈ ಲೆಕ್ಕ ಸ್ಥೂಲವಾದುದು. ನಿಜವಾದ ಎಂಜಿನ್ನುಗಳನ್ನು ಅವಶ್ಯಕತೆಗಿಂತ ಬಲವಾಗಿ ಕಟ್ಟಿ, ಒಂದು ಮಿತಿಗೆ ಕಡಿವಾಣ ಹಾಕಿರುತ್ತಾರೆ. ಆದುದರಿಂದ ಒಂದು ಶಾಖದವರೆಗೆ ಅವುಗಳ ಬಲ ಅಷ್ಟಾಗಿ ತಗ್ಗುವುದಿಲ್ಲ. ಬಲ ಸ್ವಲ್ಪವೂ ತಗ್ಗದಿದ್ದರೆ ದೂರವು ೧.೧೬ರಷ್ಟು, ಗಾಳಿಯಷ್ಟೇ ತಗ್ಗಿದರೆ ೧.೩೫ರಷ್ಟು. ನಿಜವು ಬಹುಮಟ್ಟಿಗೆ ಈ ಎರಡರ ನಡುವೆ ಇರಬೇಕು. ಚಾಲಕನಿಗೆ ನಿಯಮವು ಒದಗಿಸುವ ದೂರದಲ್ಲಿ, ಓಟದ ನಡುವೆ ಒಂದು ಎಂಜಿನ್ ಕೆಟ್ಟರೂ ಅಪಾಯವಾಗದಂತೆ ಉಳಿಸಿಕೊಂಡ ಅಂತರವೂ ಸೇರಿರುತ್ತದೆಂಬುದನ್ನೂ ಮರೆಯಬಾರದು.

ಜೆಟ್ಟಿನ ಗತಿ ಏನು? ಐವತ್ತು ಆಸನಗಳ ಸಿಆರ್‌ಜೆ-೨೦೦ಕ್ಕೆ ಪೂರ್ಣ ಭಾರದಲ್ಲಿ ಸಮುದ್ರಮಟ್ಟದಲ್ಲಿಯೇ ಸುಮಾರು ೧೭೭೦ ಮೀಟರು ಬೇಕು. ಮೈಸೂರಿನ ಬೇಸಗೆಯಲ್ಲಿ ಹೆಚ್ಚೆಂದರೆ ಸುಮಾರು ೨೩೯೦ ಮೀಟರು ಬೇಕಾದೀತು. ಅಷ್ಟು ದಾರಿ ಮಂಡಕಳ್ಳಿಯಲ್ಲಿಲ್ಲ. ಆಗ ಚಾಲಕನಿಗೆ ಉಳಿದಿರುವ ಉಪಾಯ ಭಾರವನ್ನು ಇಳಿಸುವುದು. ಭಾರ ತಗ್ಗಿದರೆ ಏಳುವ ವೇಗದ ವರ್ಗವೂ ತಗ್ಗುವುದು, ವೇಗೋತ್ಕರ್ಷವೂ ಹೆಚ್ಚುವುದು. ಆದುದರಿಂದ ದೂರವು ಭಾರದ ವರ್ಗವನ್ನು ಅನುಸರಿಸುವುದು. ೧೭೪೦ನ್ನು ೨೩೯೦ರಿಂದ ಭಾಗಿಸಿ ವರ್ಗಮೂಲ ತೆಗೆದರೆ ೦.೮೫. ಸುಮಾರು ೨೩ ಟನ್ ತೂಗುವ ಆ ವಿಮಾನವು ಮೂರೂವರೆ ಟನ್ ಭಾರವನ್ನು ಕೆಳಗಿಳಿಸಿ ಹೊರಡಬೇಕಾಗುವುದು. ಹತ್ತಿರದ ಊರಿಗಾದರೆ ಇಂಧನವನ್ನು ಕಡಿಮೆ ತುಂಬಬಹುದು. ದೂರದ ಊರಿಗಾದರೆ ಇಂಧನ ಬೇಕೇ ಬೇಕು, ಇಳಿಯಬೇಕಾದವರು ಪ್ರಯಾಣಿಕರು. ಒಬ್ಬೊಬ್ಬರಿಗೆ ಸಾಮಾನೂ ಸೇರಿ ೯೫ ಕಿಲೋಗ್ರಾಂ ಎಂದರೆ, ಐವತ್ತರಲ್ಲಿ ಮೂವತ್ತೈದಕ್ಕೂ ಹೆಚ್ಚು ಆಸನಗಳು ಖಾಲಿಯಾಗುವುವು. ರನ್‌ವೇಯ ಉದ್ದದ ಪ್ರಶ್ನೆ ಮೈಸೂರಿಗರಿಗೆ ಏಕೆ ಇಷ್ಟು ಮುಖ್ಯವೆಂಬುದು ಈ ಒಂದು ವರ್ಗಮೂಲದಿಂದಲೇ ತಿಳಿಯುವುದು.

ಲೇಖನದ ಮೊದಲಿಗೆ ನಾವು ಕಂಡ ವಿದ್ಯಾರ್ಥಿಯ ವಿಮಾನವು ತುಂಬಿದ ಭಾರದಲ್ಲಿ, ಏಪ್ರಿಲ್ ಮಧ್ಯಾಹ್ನ, ಅರ್ಧ ರನ್‌ವೇಯಲ್ಲಿ ಮೇಲೆದ್ದಿತಲ್ಲವೆ? ಆ ಹಾರಾಟ ನಿಜವಾಗಿರಲಾರದು. ಒಂದೋ ಆತನು ಭಾರವನ್ನೂ ಶಾಖವನ್ನೂ ಸರಿಯಾಗಿ ನಮೂದಿಸಿಲ್ಲ. ಇಲ್ಲವೆ ಆ ಆಡ್-ಆನ್ ತಪ್ಪಾಗಿದೆ.

ಯಾವ ಪರೀಕ್ಷೆ ಯಾವುದನ್ನು ತೋರಿಸುತ್ತದೆ?

ಪರೀಕ್ಷೆ ಮಾಡುವವರು ಮತ್ತೊಂದು ಎಚ್ಚರವನ್ನು ವಹಿಸಬೇಕು. ಕೆಲವು ಪರೀಕ್ಷೆಗಳಲ್ಲಿ ಎಲ್ಲ ವಿಮಾನಗಳೂ ಒಂದೇ ಉತ್ತರವನ್ನು ಕೊಡುತ್ತವೆ. ವಿಮಾನವನ್ನು ೧೮೦ ನಾಟ್ ನಿಜವೇಗದಲ್ಲಿ, ೨೫ ಡಿಗ್ರಿ ಓರೆಮಾಡಿ, ಎತ್ತರ ಬದಲಾಗದಂತೆ ಒಂದು ಸುತ್ತು ತಿರುಗಿಸಿದಿರೆನ್ನಿ. ಸುತ್ತಿನ ತ್ರಿಜ್ಯವು ವೇಗದ ವರ್ಗವನ್ನು, ಗುರುತ್ವದ ವೇಗೋತ್ಕರ್ಷ ಮತ್ತು ಓರೆಯ ಕೋನದ ಟ್ಯಾಂಜೆಂಟ್ ಇವುಗಳ ಗುಣಲಬ್ಧದಿಂದ ಭಾಗಿಸಿದಷ್ಟು. ೧೮೦ ನಾಟ್ ಎಂದರೆ ಸೆಕೆಂಡಿಗೆ ಸುಮಾರು ೯೩ ಮೀಟರು. ತ್ರಿಜ್ಯ ಸುಮಾರು ೧.೯ ಕಿಲೋಮೀಟರು; ಸುತ್ತು ಮುಗಿಯಲು ಬೇಕಾದ ಕಾಲ ಎರಡು ನಿಮಿಷ ಏಳು ಸೆಕೆಂಡುಗಳ ಸಮೀಪ. ಈ ಲೆಕ್ಕದಲ್ಲಿ ವಿಮಾನದ ಭಾರವಾಗಲಿ ರೆಕ್ಕೆಯ ಆಕಾರವಾಗಲಿ ಬರಲೇ ಇಲ್ಲ. ಗಿಡುಗನಾದರೂ ಇಷ್ಟೇ, ಜೆಟ್ಟಾದರೂ ಇಷ್ಟೇ. ಹೀಗೆ ತಿರುವಿನ ಪರೀಕ್ಷೆಯಿಂದ ಮೂಲ ಸಿಮ್ಯುಲೇಟರಿನ ಯಂತ್ರಶಾಸ್ತ್ರ ಸರಿಯೆಂದು ತಿಳಿಯುವುದೇ ಹೊರತು, ಹಣ ಕೊಟ್ಟು ತಂದ ಆಡ್-ಆನ್ ಸರಿಯೆಂದು ತಿಳಿಯುವುದಿಲ್ಲ.

ಆಡ್-ಆನ್ ವಿಮಾನದ ಸತ್ಯವನ್ನು ತಿಳಿಯಬೇಕಾದರೆ ಆ ವಿಮಾನಕ್ಕೇ ವಿಶೇಷವಾದ ಗುಣಗಳನ್ನು ಹುಡುಕಬೇಕು. ಇಂಥವು ಮೂರನ್ನು ಹೇಳಬಹುದು.

ಒಂದನೆಯದು, ಇಳಿಯುವಾಗಿನ ಭಂಗಿ. ಸಿಆರ್‌ಜೆ-೨೦೦ರ ರೆಕ್ಕೆಯ ಮುಂದಂಚಿನಲ್ಲಿ ಸ್ಲಾಟ್ ಎಂಬ ಚಲಿಸುವ ಭಾಗಗಳಿಲ್ಲ. ಹಿಂದಂಚಿನ ಫ್ಲಾಪುಗಳು ಮಾತ್ರ ಇವೆ. ಈ ಕಾರಣದಿಂದ ಅದು ಮೂಗನ್ನು ತುಸು ಕೆಳಗೆ ಮಾಡಿಕೊಂಡೇ ರನ್‌ವೇಯ ಕಡೆಗೆ ಇಳಿದುಬರುವುದು. ಅದರ ಅಣ್ಣನಾದ ಸಿಆರ್‌ಜೆ-೭೦೦ಕ್ಕೆ ಸ್ಲಾಟುಗಳಿವೆ, ಭಂಗಿಯೂ ಬೇರೆ. ಎರಡೂ ಒಂದೇ ರೀತಿ ಇಳಿಯುವುದಾದರೆ ರಚಿಸಿದವರು ಹೊರಮೈಯನ್ನು ಮಾತ್ರ ಬದಲಾಯಿಸಿದ್ದಾರೆಂದು ತಿಳಿಯಬೇಕು.

ಎರಡನೆಯದು, ಎಂಜಿನ್ ಮಾತು ಕೇಳುವ ಕಾಲ. ಜೆಟ್ ಎಂಜಿನ್ನಿನೊಳಗೆ ಭಾರವಾದ ಚಕ್ರಗಳು ತಿರುಗುತ್ತಿರುತ್ತವೆ. ನಿಧಾನ ಗತಿಯಲ್ಲಿರುವಾಗ ಹಿಡಿಯನ್ನು ಪೂರ್ತಿ ಮುಂದಕ್ಕೆ ನೂಕಿದರೂ ಬಲವು ಕೂಡಲೇ ಬಾರದು. ಎಂಜಿನ್ನಿಗೆ ಮನ್ನಣೆ ಕೊಡುವ ಅಮೆರಿಕದ ನಿಯಮದಲ್ಲಿ, ಹಾರಾಟದ ಕನಿಷ್ಠ ಗತಿಯಿಂದ ನೂರಕ್ಕೆ ೯೫ ಪಾಲು ಬಲಕ್ಕೆ ಏರಲು ಐದು ಸೆಕೆಂಡುಗಳವರೆಗೆ ಅವಕಾಶವಿದೆ. ನೆಲ ಹತ್ತಿರವಾಗುತ್ತಿರುವಾಗ ಐದು ಸೆಕೆಂಡು ಸಣ್ಣ ಕಾಲವಲ್ಲ. ಎಟಿಆರ್ ವಿಮಾನದಲ್ಲಿ ಪ್ರೊಪೆಲರು ಹಾರಾಟದಲ್ಲಿ ಬಹುಮಟ್ಟಿಗೆ ಒಂದೇ ವೇಗದಲ್ಲಿ ತಿರುಗುತ್ತಿದ್ದು, ಅಲಗುಗಳ ಕೋನ ಬದಲಾದೊಡನೆ ಬಲ ಬೇಗನೆ ಒದಗುವುದು. ಜೊತೆಗೆ ಅದರ ಗಾಳಿಯು ರೆಕ್ಕೆಯ ಮೇಲೆಯೇ ಬೀಸಿ ಎತ್ತುವ ಬಲವನ್ನೂ ಹೆಚ್ಚಿಸುವುದು. ಅದೇ ಪ್ರೊಪೆಲರು ಹಿಡಿಯನ್ನು ಹಿಂದಕ್ಕೆಳೆದಾಗ ತಟ್ಟೆಯಂತೆ ಗಾಳಿಗೆ ಅಡ್ಡವಾಗಿ ವಿಮಾನವನ್ನು ತಡೆಯುವುದು. ಕೈಗಡಿಯಾರ ಹಿಡಿದು ಈ ಕಾಲಗಳನ್ನು ಅಳೆಯಬಹುದು.

ಮೂರನೆಯದು, ಇಲ್ಲದಿರುವ ಸೌಕರ್ಯ. ದೊಡ್ಡ ಜೆಟ್ಟುಗಳಲ್ಲಿ ಬೇಕಾದ ವೇಗಕ್ಕೆ ತಕ್ಕಂತೆ ಎಂಜಿನ್ನಿನ ಬಲವನ್ನು ತಾನೇ ಹೊಂದಿಸುವ ಆಟೋಥ್ರಾಟಲ್ ಎಂಬ ಏರ್ಪಾಡಿದೆ. ಸಿಆರ್‌ಜೆ-೨೦೦ ಮತ್ತು ಎಂಬ್ರೇಯರ್-೧೪೫ ವಿಮಾನಗಳಿಗೆ ಅದಿಲ್ಲ. ವೇಗವನ್ನು ಚಾಲಕನ ಕೈಯೇ ಕಾಯಬೇಕು. ಕೊಳ್ಳುವವರಿಗೆ ಹಿತವಾಗಲೆಂದು ಇಲ್ಲದ ಗುಂಡಿಯನ್ನು ಸೇರಿಸಿದ ಆಡ್-ಆನ್ ಹಾರಿಸಲು ಸುಲಭವಾದೀತು, ನಿಜವಾಗದು. ನಿಜವಾದ ಅನುಕರಣೆಯಲ್ಲಿ ಮೂಲದ ಕಷ್ಟವೂ ಉಳಿದಿರಬೇಕು.

ಕೋಷ್ಟಕದ ಅಂಚಿನಾಚೆ

ಅನುಕರಣೆಯ ಸತ್ಯಾಸತ್ಯಗಳು ಬರಿಯ ವಿನೋದದ ವಿಷಯವೆಂದು ಯಾರೂ ಎಣಿಸಬಾರದು. ೨೦೦೯ರ ಫೆಬ್ರವರಿ ೧೨ರ ರಾತ್ರಿ, ಅಮೆರಿಕದ ಬಫಲೋ ನಗರದ ಬಳಿ ಕೋಲ್ಗನ್ ಏರ್ ಸಂಸ್ಥೆಯ ಕ್ಯೂ-೪೦೦ ವಿಮಾನವೊಂದು ಇಳಿಯಲು ಬರುತ್ತಿತ್ತು. ಮುಂದೆ ಮೈಸೂರಿಗೂ ಬಂದುದು ಇದೇ ಜಾತಿಯ ವಿಮಾನ. ವೇಗವು ತಗ್ಗುತ್ತ ಬಂದುದನ್ನು ಚಾಲಕರು ಗಮನಿಸಲಿಲ್ಲ. ಎಚ್ಚರಿಕೆಯಾಗಿ ಹಿಡಿಯು ನಡುಗಿದಾಗ, ಮೂಗನ್ನು ಕೆಳಗಿಳಿಸಿ ವೇಗವನ್ನು ಗಳಿಸಬೇಕಾಗಿದ್ದ ಚಾಲಕನು ಹಿಡಿಯನ್ನು ತನ್ನ ಕಡೆಗೆ ಎಳೆದನು. ರೆಕ್ಕೆಯು ಎತ್ತುವ ಬಲವನ್ನು ಕಳೆದುಕೊಂಡಿತು. ಈ ಸ್ಥಿತಿಗೆ ಸ್ಟಾಲ್ ಎಂದು ಹೆಸರು. ವಿಮಾನದಲ್ಲಿದ್ದ ೪೯ ಮಂದಿಯೂ, ಅದು ಬಿದ್ದ ಮನೆಯಲ್ಲಿದ್ದ ಒಬ್ಬರೂ ಮಡಿದರು.

ಆ ಕಾಲದ ತರಬೇತಿಯಲ್ಲಿ ಚಾಲಕರಿಗೆ ಸ್ಟಾಲ್ ಸಮೀಪಿಸುವುದನ್ನು ತೋರಿಸುತ್ತಿದ್ದರು. ಸ್ಟಾಲಿನೊಳಗೆ ಪೂರ್ತಿಯಾಗಿ ಒಯ್ದು ತೋರಿಸುತ್ತಿರಲಿಲ್ಲ. ಕೋಟ್ಯಂತರ ಬೆಲೆಯ ತರಬೇತಿ ಸಿಮ್ಯುಲೇಟರುಗಳಿಗೂ ಅದರಾಚೆಯ ಸಂಖ್ಯೆಗಳು ಸಾಮಾನ್ಯವಾಗಿ ತಿಳಿದಿರಲಿಲ್ಲ. ಕೋಷ್ಟಕವು ಅಳೆದ ಮಿತಿಯೊಳಗೆ ಮಾತ್ರ ಪ್ರಮಾಣ. ಮಿತಿಯ ಆಚೆಗೆ ಅದೇ ಗೆರೆಯನ್ನು ಎಳೆದುಕೊಂಡು ಹೋದರೆ ಸಿಕ್ಕುವುದು ಊಹೆ. ಈ ದುರಂತದ ತರುವಾಯ ಅಮೆರಿಕದಲ್ಲಿ ೨೦೧೦ರಲ್ಲಿ ಹೊಸ ಕಾಯಿದೆಯಾಯಿತು. ೨೦೧೩ರ ನಿಯಮವು ಪೂರ್ಣ ಸ್ಟಾಲಿನ ಅಭ್ಯಾಸವನ್ನು ಕಡ್ಡಾಯಮಾಡಿತು. ೨೦೧೬ರಲ್ಲಿ ಅದಕ್ಕೆ ತಕ್ಕಂತೆ ಸಿಮ್ಯುಲೇಟರುಗಳನ್ನು ತಿದ್ದುವ ನಿಯಮವೂ ಬಂದಿತು.

ಮನೆಯ ಸಿಮ್ಯುಲೇಟರಿನಲ್ಲಿ ಸ್ಟಾಲ್ ಮಾಡಿನೋಡಿ. ಕೆಲವು ವಿಮಾನಗಳು ಮೂಗನ್ನು ತುಸು ತಗ್ಗಿಸಿ ತಾವೇ ಸರಿಹೋಗುವುವು. ಕೆಲವು ಗಾಳಿಯಲ್ಲಿ ತೇಲುವ ಎಲೆಯಂತೆ ಸುಮ್ಮನೆ ಇಳಿಯುವುವು. ಇವುಗಳಲ್ಲಿ ನಿಜವಾವುದೆಂದು ಆ ತೆರೆಯೊಂದನ್ನೇ ನೋಡಿ ಹೇಳಲಾಗದು. ಆದುದರಿಂದ ಇಲ್ಲಿ ಕಂಡುದನ್ನು ಪಾಠವಾಗಿ ಸ್ವೀಕರಿಸಬಾರದು.

ದೇಹ ಅರಿಯುವುದು

ಇನ್ನೊಂದು ಮಿತಿ ಎಂದಿಗೂ ಉಳಿಯುವಂಥದು. ವಿಮಾನವು ಓಟಕ್ಕೆ ತೊಡಗಿದಾಗ ಬೆನ್ನು ಆಸನಕ್ಕೆ ಒತ್ತುವುದನ್ನು ಪ್ರಯಾಣಿಕರೆಲ್ಲರೂ ಬಲ್ಲರು. ದೊಡ್ಡ ಸಿಮ್ಯುಲೇಟರುಗಳು ಆರು ಚಲಿಸುವ ಕಾಲುಗಳ ಮೇಲೆ ನಿಂತಿದ್ದು, ಗೂಡನ್ನು ಹಿಂದಕ್ಕೆ ವಾಲಿಸಿ ಈ ಒತ್ತಡದ ಭ್ರಮೆಯನ್ನು ಹುಟ್ಟಿಸುತ್ತವೆ. ಗುರುತ್ವದ ಐದನೆಯ ಒಂದು ಪಾಲಿನಷ್ಟು ವೇಗೋತ್ಕರ್ಷವನ್ನು ತೋರಿಸಲು ಸುಮಾರು ಹನ್ನೊಂದು ಡಿಗ್ರಿ ವಾಲಿಸಿದರೆ ಸಾಕು. ಹೊರಗಿನ ನೆಲ ಕಾಣದಿರುವುದರಿಂದ ದೇಹವು ಮೋಸಹೋಗುವುದು. ಲಿಂಕನ ತಿದಿಯ ಕೆಲಸವೇ ಇಲ್ಲಿ ಬೆಳೆದು ನಿಂತಿದೆ. ಮನೆಯ ಕುರ್ಚಿಗೆ ಈ ವಿದ್ಯೆ ತಿಳಿಯದು. ಇಂಥ ಯಂತ್ರಗಳ ಬೆಲೆ ನಮ್ಮ ನಾಡಿಗೂ ಗೊತ್ತು. ತೇಜಸ್ ಯುದ್ಧವಿಮಾನವು ೨೦೦೧ರ ಜನವರಿ ೪ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ನೆಲವನ್ನು ಬಿಡುವುದಕ್ಕೆ ಮೊದಲು, ಅಲ್ಲಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯ ಸಿಮ್ಯುಲೇಟರಿನಲ್ಲಿ ಪರೀಕ್ಷಾ ಚಾಲಕರು ಅದನ್ನು ಎಷ್ಟೋ ಬಾರಿ ಹಾರಿಸಿ ನೋಡಿದ್ದರು. ಅಲ್ಲಿ ಕಂಡ ದೋಷವನ್ನು ನೆಲದ ಮೇಲೆಯೇ ತಿದ್ದಬಹುದು.

ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ

ಇಷ್ಟು ಮಿತಿಗಳಿದ್ದರೂ ಮನೆಯ ಸಿಮ್ಯುಲೇಟರು ಒಳ್ಳೆಯ ಪ್ರಯೋಗಶಾಲೆಯಾಗಬಲ್ಲುದು. ಏಪ್ರಿಲ್ ಮಧ್ಯಾಹ್ನದ ೩೫ ಡಿಗ್ರಿಯನ್ನೂ ಜನವರಿ ಮುಂಜಾನೆಯ ೧೫ ಡಿಗ್ರಿಯನ್ನೂ ಒಂದೇ ಗಂಟೆಯಲ್ಲಿ ಮಂಡಕಳ್ಳಿಯ ಮೇಲೆ ತರುವ ಸೌಲಭ್ಯ ಬೇರೆಲ್ಲಿದೆ? ಆಸಕ್ತರು ಹೀಗೆ ಮಾಡಬಹುದು. ಒಂದೇ ವಿಮಾನ, ಒಂದೇ ಭಾರ, ಒಂದೇ ಫ್ಲಾಪ್, ಸೂಚಕದಲ್ಲಿ ಒಂದೇ ವೇಗ, ಗಾಳಿ ಬೀಸಬಾರದು. ಮೊದಲು ಸಮುದ್ರಮಟ್ಟದ ಯಾವುದಾದರೊಂದು ನಿಲ್ದಾಣದಲ್ಲಿ ೧೫ ಡಿಗ್ರಿಯಲ್ಲಿ ಏಳಿಸಿ, ಚಕ್ರ ನೆಲವನ್ನು ಬಿಟ್ಟ ದೂರವನ್ನು ಬರೆದುಕೊಳ್ಳಿ. ಅನಂತರ ಮಂಡಕಳ್ಳಿಯಲ್ಲಿ ೧೫ಡಿಗ್ರಿಯಲ್ಲಿಯೂ ೩೫ ಡಿಗ್ರಿಯಲ್ಲಿಯೂ ಹಾಗೆಯೇ ಮಾಡಿ. ಪ್ರತಿಯೊಂದನ್ನೂ ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಮೂರನೆಯ ದೂರವನ್ನು ಮೊದಲನೆಯದರಿಂದ ಭಾಗಿಸಿದರೆ ೧.೧೬ಕ್ಕೂ ೧.೩೫ಕ್ಕೂ ನಡುವಣ, ಇಲ್ಲವೆ ಅದರ ಆಸುಪಾಸಿನ ಸಂಖ್ಯೆ ಬರಬೇಕು. ಆಮೇಲೆ ಭಾರವನ್ನು ನೂರಕ್ಕೆ ಹತ್ತು ಪಾಲು ಇಳಿಸಿ, ದೂರವು ನೂರಕ್ಕೆ ಸುಮಾರು ಹತ್ತೊಂಬತ್ತು ಪಾಲು ಇಳಿಯಿತೆ ಎಂದು ನೋಡಿ.

ಸಂಖ್ಯೆ ಸರಿಬಂದರೆ ಆ ಆಡ್-ಆನ್ ರಚಿಸಿದವರ ಶ್ರಮವನ್ನು ಮೆಚ್ಚಬಹುದು. ಸರಿಬಾರದಿದ್ದರೂ ನಷ್ಟವಿಲ್ಲ. ಎಲ್ಲಿ, ಎಷ್ಟು, ಏಕೆ ತಪ್ಪಿತೆಂದು ಹುಡುಕುವಾಗ ಕಲಿಯುವ ವಾಯುಶಾಸ್ತ್ರವು, ಅದನ್ನು ಸುಮ್ಮನೆ ಹಾರಿಸಿದ್ದರೆ ಸಿಕ್ಕುತ್ತಿರಲಿಲ್ಲ. ನಂಜನಗೂಡಿನ ಹಾದಿಯಲ್ಲಿ ಹೋಗುವಾಗ ನಿಜವಾದ ವಿಮಾನವೊಂದು ಏಳುತ್ತಿರುವುದು ಕಂಡರೆ ನಿಂತು ನೋಡಿ. ಅದು ರನ್‌ವೇಯ ಯಾವ ಭಾಗದಲ್ಲಿ ನೆಲವನ್ನು ಬಿಟ್ಟಿತು, ಆಗ ಹೊತ್ತೆಷ್ಟು, ಬಿಸಿಲೆಷ್ಟು ಎಂಬುದನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಂಡು, ಮನೆಗೆ ಬಂದು ತೆರೆಯ ಮೇಲಿನ ವಿಮಾನದೊಡನೆ ಹೋಲಿಸಿ.